ಕರೆಂಟಿಲ್ಲದ ಏಕಾದಶಿ

ಎಸಿ ರಿಪೇರಿ ಮಾಡುವವನ ಮನೆಯಲ್ಲೇ ಎಸಿ ನಿಂತರೆ ನೋಡುವವರಿಗೆ ತಮಾಷೆ. ಲಿಟಲ್ ಎಲ್ಮ್ ಎಂಬ ಈ ಪರದೇಶದ ಊರಿನ ನಮ್ಮ ರಸ್ತೆಯಲ್ಲಿ ಅವತ್ತು ಒಂದು ಮನೆ ಬಿಟ್ಟರೆ ಯಾರದೂ ಓಡುತ್ತಿರಲಿಲ್ಲ. ಸೋಮವಾರ ರಾತ್ರಿಯ ಗಾಳಿಮಳೆಗೆ ಎಲ್ಲೋ ಕಂಬಗಳು ಬಿದ್ದು ಕರೆಂಟು ಹೋಗಿತ್ತು, ಬುಧವಾರವಾದರೂ ಬಂದಿರಲಿಲ್ಲ. ನಾಯಿ ಹಿಡಿದು ಹೊರಟವರೊಬ್ಬರು ನನ್ನ ವ್ಯಾನಿನ ಮೇಲಿನ ಬರಹ ಓದಿ, ಬೆವರಿಗೆ ತೊಯ್ದ ನನ್ನ ಬನಿಯನ್ ನೋಡಿ, ನಕ್ಕು ಮುಂದೆ ಹೋದರು. ನಾನೂ ನಕ್ಕೆ. ಆದರೆ ಮನಸ್ಸೆಲ್ಲ ಮನೆಯೊಳಗಿತ್ತು.

ಒಳಗೆ ಧಾರವಾಡದಿಂದ ಬಂದಿದ್ದ ಎಪ್ಪತ್ತಾರು ವರ್ಷದ ಅವ್ವ ನಿರ್ಜಲ ಏಕಾದಶಿ ಹಿಡಿದು ಕೂತಿದ್ದಳು. ಉಳಿದ ಏಕಾದಶಿಗಳಿಗೆ ಅನ್ನ ಬಿಟ್ಟು ಹಾಲು ಹಣ್ಣು ತೆಗೆದುಕೊಳ್ಳುತ್ತಾಳೆ. ಜ್ಯೇಷ್ಠ ಮಾಸದ ಇದೊಂದಕ್ಕೆ ಮಾತ್ರ ಹನಿ ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ತೀರ್ಥ ತೆಗೆದುಕೊಂಡು ಪಾರಣೆ ಮಾಡಿದ ಮೇಲೆಯೇ ಬಾಯಿಗೆ ಏನಾದರೂ. ಮದುವೆಯಾಗಿ ಬಂದ ವರ್ಷದಿಂದ ಒಂದನ್ನೂ ತಪ್ಪಿಸಿದವಳಲ್ಲ. ಧಾರವಾಡದಲ್ಲಿ ಆ ಹೊತ್ತಿಗೆ ಮುಂಗಾರು ಹಿಡಿದು ಗಾಳಿ ತಣ್ಣಗಾಗಿರುತ್ತದೆ, ಉಪವಾಸ ನಡೆದುಹೋಗುತ್ತದೆ. ಇಲ್ಲಿ ಜೂನ್ ಎಂದರೆ ಬೇಸಿಗೆ ಆಗಷ್ಟೇ ಕೈ ಚಾಚುವ ಕಾಲ.

ನಾನು ಎಂಟನೇ ತರಗತಿಗೆ ಸಾಲೆ ಬಿಟ್ಟವನು. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತೆ, ಆಮೇಲೆ ಏಳು ವರ್ಷ ಕೊಲ್ಲಿಯ ಮರಳುಗಾಡಿನ ಊರೊಂದರಲ್ಲಿ ದುಡಿದೆ. ನರ್ಸ್ ಆಗಿರುವ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ಬಂದೆ. ಇಲ್ಲಿನ ನಮ್ಮವರು ಬಹಳಷ್ಟು ಮಂದಿ ಡಾಕ್ಟರು, ಇಂಜಿನಿಯರು. ಹಬ್ಬದ ಊಟದ ಸಾಲಿನಲ್ಲಿ ಪಕ್ಕದವರು ‘ನೀವು ಯಾವ ಕಂಪನಿ?’ ಎಂದು ಕೇಳಿದರೆ ‘ನಂದ ಕಂಪನಿರಿ’ ಎನ್ನುತ್ತೇನೆ. ಸುಳ್ಳಲ್ಲ, ವ್ಯಾನೂ ನನ್ನದೇ, ಕೈಯೂ ನನ್ನದೇ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಒಂದು ಸಲ ಅಂದರೆ ಎದುರಿನವರು ಉಳಿದದ್ದನ್ನೂ ಅಷ್ಟೇ ಎಂದುಕೊಳ್ಳುತ್ತಾರೆ ಅನ್ನುವ ಭಯ. ಹಾಗೆ ಎಂದುಕೊಳ್ಳದೆ ಇದ್ದವಳು ಅವ್ವ ಒಬ್ಬಳೇ. ಬ್ಯಾಂಕಿನ ಫಾರ್ಮಿನಿಂದ ಹಿಡಿದು ಗುಳಿಗೆಯ ಚೀಟಿಯ ತನಕ ‘ನನ್ನ ಮಗನ್ನ ಕೇಳ್ರಿ, ಅವಗ ಎಲ್ಲಾ ತಿಳೀತದ’ ಎನ್ನುವಳು.

ಏಕಾದಶಿ ಇಲ್ಲಿ ಯಾವತ್ತು ಎಂದು ಅವಳು ಹಿಂದಿನ ವಾರವೇ ಕೇಳಿದ್ದಳು. ಊರಿಂದ ತರಿಸಿದ ಗೋಡೆ ಕ್ಯಾಲೆಂಡರಿನ ಮೇಲೆ ಕಣ್ಣಾಡಿಸಿ, ‘ಬುಧವಾರ’ ಎಂದೆ.

ಮಂಗಳವಾರ ಹೇಗೋ ಕಳೆಯಿತು. ಗ್ಯಾಸ್ ಒಲೆಗೆ ಕಡ್ಡಿ ಗೀರಿ ಉಪ್ಪಿಟ್ಟು ಮಾಡಿದೆ, ಮಧ್ಯಾಹ್ನ ಅನ್ನ ಸಾರು. ಅವ್ವ ಉಂಡಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಮನೆ ಕುಕ್ಕರಿನಂತಾಯಿತು. ಇಲ್ಲಿನ ಹೊಸ ಮನೆಗಳನ್ನು ಎಸಿ ಓಡುತ್ತಲೇ ಇರುತ್ತದೆ ಎಂದುಕೊಂಡೇ ಕಟ್ಟುತ್ತಾರೆ. ತಂಪನ್ನು ಒಳಗೇ ಹಿಡಿದಿಡುವ ಗೋಡೆಯೇ ಕರೆಂಟು ಹೋದಾಗ ಸೆಕೆಯನ್ನೂ ಹಿಡಿದಿಡುತ್ತದೆ. ಕಿಟಕಿ ತೆರೆದರೆ ಎದುರಿಗೆ ಪಕ್ಕದ ಮನೆಯ ಇಟ್ಟಿಗೆ, ಎಲೆ ಅಲುಗುವಷ್ಟೂ ಗಾಳಿಯಿಲ್ಲ.

ಅವ್ವ ಹಳೆಯ ಸೀರೆಯೊಂದನ್ನು ನೆನೆಸಿ ಕಿಟಕಿಗೆ ಕಟ್ಟು ಎಂದಳು.

‘ಅವ್ವಾ, ನೀರು ಆರಿದ್ರಷ್ಟ ತಂಪು. ಮಳಿ ಬಂದು ಗಾಳೀನ ತೊಯ್ದದ, ಆರೂದ ಇಲ್ಲ.’

‘ನಿಮ್ಮಪ್ಪನ ಮನ್ಯಾಗ ಆರತಿತ್ತು.’

‘ಇದು ನಮ್ಮಪ್ಪನ ಮನಿ ಅಲ್ಲಲ್ಲ.’

‘ಕಟ್ಟಂದ್ರ ಕಟ್ಟೋ. ಕೈ ಸವೀತಾವೇನು?’

ಕಟ್ಟಿದೆ. ಅರ್ಧ ಗಂಟೆಯಲ್ಲಿ ಕೋಣೆ ಬಚ್ಚಲಿನಂತೆ ಹಸಿಹಸಿ ಸೆಕೆಯಾಯಿತು, ಬಿಚ್ಚಿದೆ. ವ್ಯಾನಿನಲ್ಲಿ ಕೂರಿಸಿ ಎಂಜಿನ್ ಚಾಲೂ ಮಾಡಿ ಎಸಿ ಹಾಕಿದೆ. ಹಿಂದೆ ಗ್ಯಾಸ್ ಸಿಲಿಂಡರು, ತಾಮ್ರದ ಪೈಪು, ಎಣ್ಣೆಯ ವಾಸನೆ. ಹತ್ತು ನಿಮಿಷಕ್ಕೆ ಇಳಿದುಬಿಟ್ಟಳು. ‘ಈ ಡಬ್ಬ್ಯಾಗ ಜಪ ಆಗಂಗಿಲ್ಲ. ಎಣ್ಣಿ ನಾತ.’

ರಸ್ತೆಯಾಚೆ ಮೈಸೂರಿನ ಹುಡುಗನೊಬ್ಬ, ಸಾಫ್ಟ್‌ವೇರಿನವನು, ಹೆಂಡತಿಯೊಂದಿಗೆ ಇದ್ದಾನೆ. ಆ ಸಾಲಿನಲ್ಲಿ ಜನರೇಟರ್ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಿದ್ದ.

‘ಅಂಕಲ್, ಒಂದು ರೂಮಿಗೆ ಸಣ್ಣ ಎಸಿ ಓಡಿಸ್ತಿದ್ದೀವಿ. ಅಜ್ಜೀನ ಕರ್ಕೊಂಡ್ ಬನ್ನಿ.’

‘ಇವತ್ತು ಅವರದು ಉಪಾಸರಿ. ಬ್ಯಾರೆ ಮನಿಗೆ ಬರಂಗಿಲ್ಲ’ ಎಂದೆ. ಅದು ಅರ್ಧ ನಿಜ. ಉಪವಾಸದ ದಿನ ಅವ್ವ ಹೊರಗೆ ಕೂರಲು ಇಷ್ಟಪಡುವುದಿಲ್ಲ, ಖರೆ. ಆದರೆ ನಾನು ಅವಳನ್ನು ಕೇಳಲೇ ಇಲ್ಲ. ಊರಿಗೆಲ್ಲ ತಂಪು ಕೊಡುವವನು ತನ್ನ ತಾಯಿಯನ್ನು ತಂಪಿಗಾಗಿ ಇನ್ನೊಬ್ಬರ ಮನೆಗೆ ಕರೆದೊಯ್ಯುವುದೇ ಎಂಬುದು ಉಳಿದ ಅರ್ಧ.

ಮೂರು ಗಂಟೆಗೆ ಆಸ್ಪತ್ರೆಯಿಂದ ಹೆಂಡತಿಯ ಫೋನು ಬಂತು. ಗಾಳಿಮಳೆಯ ದೆಸೆಯಿಂದ ಅವಳಿಗೆ ಡಬಲ್ ಡ್ಯೂಟಿ ಬಿದ್ದಿತ್ತು.

‘ಅತ್ತಿ ಹೆಂಗಿದ್ದಾರ?’

‘ಕೂತಾರ.’

‘ಕೂತಾರ ಅಂದ್ರ? ಬೆವರು ಬರ್ತದೇನ್ರಿ? ಕೈ ಮುಟ್ಟಿ ನೋಡ್ರಿ.’

ಅವ್ವ ಜಪಸರ ಹಿಡಿದು ಗೋಡೆಗೆ ಒರಗಿದ್ದಳು. ಅಂಗೈ ಮುಟ್ಟಿದೆ. ಕಾದ ಹಂಚಿನಂತೆ ಒಣಗಿತ್ತು. ಹಣೆಯೂ ಹಾಗೇ. ನನ್ನ ಮೈಯಿಂದ ಧಾರೆ ಇಳಿಯುತ್ತಿತ್ತು, ಅವಳ ಮೈಯಲ್ಲಿ ಒಂದು ಹನಿಯಿಲ್ಲ. ಮರಳುಗಾಡಿನಲ್ಲಿ ಬಿಸಿಲ ಕೆಲಸಕ್ಕೆ ಇಳಿಯುವ ಮೊದಲು ನಮಗೆ ಹೇಳಿಕೊಟ್ಟ ಪಾಠ ಅದೊಂದೇ: ಪಕ್ಕದವನಿಗೆ ಬೆವರು ನಿಂತರೆ ನೀನೂ ಕೆಲಸ ನಿಲ್ಲಿಸು, ಅವನನ್ನು ಎತ್ತು.

‘ಒಣಗೇದ’ ಎಂದೆ.

‘ಈಗಿಂದೀಗ ನೀರು ಕುಡಸ್ರಿ. ಕುಡೀಲಿಲ್ಲಾ ಅಂದ್ರ ಆಂಬ್ಯುಲೆನ್ಸ್ ಕರೀರಿ. ನಾ ಹೇಳಿದ್ದು ಕೇಳಸ್ತೇನು?’

ಲೋಟ ಒಯ್ದೆ. ಅವ್ವ ಕಣ್ಣು ತೆರೆದು, ತಲೆ ಅಲ್ಲಾಡಿಸಿ, ಮತ್ತೆ ಮುಚ್ಚಿದಳು. ‘ನಾಳೆ ಮುಂಜಾನೆ’ ಎಂದಳು. ನಾಲಿಗೆ ತೊದಲಿತು. ಅಂಗಲಾಚಿದೆ, ಬೈದೆ. ‘ನನ್ನ ಹಟ ನಿನಗ ಬಂದದ, ನಿನ್ನ ಹಟ ನನಗ ಕಲಸಬ್ಯಾಡ’ ಎಂದಳು.

ಆಂಬ್ಯುಲೆನ್ಸಿಗೆ ಕರೆಯಲು ಫೋನು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ದೇವಸ್ಥಾನದ ಭಟ್ಟರು. ಅಲ್ಲಿನ ಎಸಿ ನೋಡಿಕೊಳ್ಳುವವನು ನಾನೇ.

‘ಕರೆಂಟು ಬಂತು ಮಾರಾಯ್ರೆ, ಆದ್ರೆ ಅಡುಗೆಮನೆ ಯುನಿಟ್ ಗುಂಯ್ ಅಂತದೆ, ತಂಪಿಲ್ಲ. ನೈವೇದ್ಯ ಮಾಡುವವರು ಬೆಂದು ಹೋದ್ರು. ಸಂಜೆ ಬರ್ಲಿಕ್ಕಾಗ್ತದಾ?’

‘ಬರಲಿಕ್ಕಾಗಂಗಿಲ್ರಿ. ನಮ್ಮವ್ವ ನಿರ್ಜಲ ಏಕಾದಶಿ ಹಿಡದು ಮಲಗೋಹಂಗ ಆಗ್ಯಾಳ.’

ಭಟ್ಟರು ಯುನಿಟ್ಟಿನ ಮಾತು ಬಿಟ್ಟರು.

‘ಏಕಾದಶಿ ನಿನ್ನೆ ಅಲ್ವಾ? ಇವತ್ತು ದ್ವಾದಶಿ. ನಮ್ಮದು ಬೆಳಿಗ್ಗೆನೇ ಪಾರಣೆ ಆಯ್ತು. ನೀವು ಊರಿನ ಕ್ಯಾಲೆಂಡರ್ ನೋಡಿದ್ರಾ? ತಿಥಿ ಹಿಡಿಯುವ ಗಳಿಗೆ ಎಲ್ಲ ಕಡೆಗೂ ಒಂದೇ, ಆದ್ರೆ ಸೂರ್ಯ ಹುಟ್ಟುವಾಗ ಯಾವ ತಿಥಿ ಇರ್ತದೋ ಆ ದಿನಕ್ಕೆ ಅದೇ. ಅಲ್ಲಿ ಮಂಗಳವಾರ ಮಧ್ಯಾಹ್ನ ಏಕಾದಶಿ ಶುರುವಾಯ್ತು, ಹಾಗಾಗಿ ಅವರಿಗೆ ಬುಧವಾರ ಉಪವಾಸ. ಆಗ ನಮಗಿಲ್ಲಿ ಮಂಗಳವಾರ ಇನ್ನೂ ಬೆಳಗಾಗಿರ್ಲಿಲ್ಲ, ನಮಗೆ ಮಂಗಳವಾರವೇ. ಒಂದು ಮಾತು ಕೇಳ್ಬಾರ್ದಿತ್ತಾ?’

ಕೇಳಬೇಕಿತ್ತು. ಫೋನು ಇಟ್ಟು ಅಡುಗೆಮನೆಯಲ್ಲಿ ನಿಂತೆ. ಮೊದಲು ಬಂದ ಯೋಚನೆ ಹಗುರ: ಇನ್ನು ನೀರು ಕುಡಿಸಬಹುದು. ಅದರ ಬೆನ್ನಿಗೇ ಎರಡನೆಯದು ಬಂತು. ಇವತ್ತು ದ್ವಾದಶಿಯಾದರೆ ನಿನ್ನೆ ಏಕಾದಶಿ. ನಿನ್ನೆ ಅವ್ವ ಉಪ್ಪಿಟ್ಟು ತಿಂದಳು, ಅನ್ನ ಉಂಡಳು. ಬಡಿಸಿದವನು ನಾನು. ಅವಳ ಆಯುಷ್ಯದ ವ್ರತ ಮುರಿದದ್ದು ನನ್ನ ಕೈಯಿಂದ, ಅದೂ ಅವಳು ಕೇಳಿದ ಮೇಲೆ, ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿ.

ಆಂಬ್ಯುಲೆನ್ಸ್ ಕರೆದು, ಅವರು ಸೂಜಿ ಚುಚ್ಚಿ ನೀರೇರಿಸಿದರೆ ಏನೂ ಹೇಳದೆ ಉಳಿಯಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕರೆದವರು ಬರುವ ತನಕ ಒಣಗಿದ ಆ ಅಂಗೈ ಕಾಯಬೇಕಲ್ಲ ಎನ್ನುವುದೇ ನನ್ನನ್ನು ಒಳಗೆ ದೂಡಿತು.

ಅವಳ ಮುಂದೆ ನೆಲಕ್ಕೆ ಕೂತೆ. ‘ಅವ್ವಾ, ಇವತ್ತು ಏಕಾದಶಿ ಅಲ್ಲ. ದ್ವಾದಶಿ. ಭಟ್ಟರು ಹೇಳಿದ್ರು. ನಾ ತಪ್ಪು ಹೇಳೇನಿ.’

ಕಣ್ಣು ತೆರೆದಳು.

‘ಹಂಗಾರ ನಿನ್ನೆ ನಾ ಏನು ತಿಂದೆ?’

‘ಉಪ್ಪಿಟ್ಟು. ಅನ್ನ ಸಾರು.’

‘ನೀ ಯಾರನ್ನೂ ಕೇಳಿದ್ದಿಲ್ಲೇನು?’

‘ಇಲ್ಲ.’

‘ನನಗ ಗೊತ್ತಿಲ್ಲ ಅನ್ನಬೇಕಿತ್ತೋ.’ ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ‘ನಾ ಏನು ನಿನ್ನ ಪರೀಕ್ಷಾ ತಗೋತಿದ್ನೇನು?’

ಅವಳ ಕಣ್ಣಂಚು ತುಸು ಒದ್ದೆಯಾಯಿತು. ಆಮೇಲೆ ಗೋಡೆ ಬಿಟ್ಟು ನೆಟ್ಟಗೆ ಕೂತಳು.

‘ದ್ವಾದಶಿ ಅಂದಮ್ಯಾಲ ಪಾರಣಿ ಬಿಡೂಹಂಗಿಲ್ಲ. ಅದನ್ನೂ ಕಳೀಬ್ಯಾಡ. ತೀರ್ಥ ಕೊಡು.’

ದೇವರ ಮುಂದಿನ ಪಂಚಪಾತ್ರೆಯಿಂದ ಮೂರು ಉದ್ಧರಣೆ ಹಾಕಿದೆ. ಅವಳ ಅಂಗೈಯನ್ನು ಕೆಳಗಿನಿಂದ ಹಿಡಿದುಕೊಂಡೆ. ನಂತರ ಉಪ್ಪು ಸಕ್ಕರೆ ಕಲಸಿದ ನೀರು, ಗುಟುಕು ಗುಟುಕಾಗಿ, ಒಂದು ಲೋಟ, ಇನ್ನೊಂದು. ಮತ್ತೆ ಫೋನು ಮಾಡಿದ್ದ ಹೆಂಡತಿ ಅದರಲ್ಲೇ ಎಷ್ಟು, ಹೇಗೆ ಎಂದು ಹೇಳುತ್ತ, ನಡುನಡುವೆ ‘ಅತ್ತಿ, ನನ್ನ ದನಿ ಕೇಳಸ್ತದೇನ್ರಿ?’ ಎಂದು ಮಾತಾಡಿಸುತ್ತ ಇದ್ದಳು. ಮೂರನೆಯ ಲೋಟದ ಹೊತ್ತಿಗೆ ಅವ್ವನ ಮಾತು ನೆಟ್ಟಗಾಗಿ, ಮೂಗಿನ ಕೆಳಗೆ ಬೆವರು ಒಡೆಯಿತು. ಹೆಂಡತಿಗೆ ಹೇಳಿದೆ. ‘ಇನ್ನ ಆ ಮನಿಯೊಳಗ ಇಡಬ್ಯಾಡ್ರಿ’ ಎಂದಳು.

ಚಪ್ಪಲಿಯಿಲ್ಲದೆ ರಸ್ತೆ ದಾಟಿದೆ. ಡಾಂಬರು ಅಂಗಾಲು ಸುಟ್ಟಿತು. ಜನರೇಟರಿನ ಸದ್ದಿನ ನಡುವೆ ಬಾಗಿಲು ತೆರೆದವಳು ಆ ಹುಡುಗನ ಹೆಂಡತಿ. ‘ಬೆಳಿಗ್ಗೆ ಬರಂಗಿಲ್ಲ ಅಂದಿದ್ದೆ. ಈಗ ಕರಕೊಂಡು ಬರ್ಲೇನಮ್ಮಾ?’ ಎಂದೆ. ‘ಅಯ್ಯೋ, ಕೇಳೋದೇನು ಅಂಕಲ್, ಹಾಸಿಗೆ ಹಾಕೇ ಇದೆ’ ಎಂದಳು. ಅವಳ ಗಂಡ ಕುರ್ಚಿ ತಂದ. ನಾವಿಬ್ಬರೂ ಅದರಲ್ಲಿ ಕೂರಿಸಿಕೊಂಡೇ ಅವ್ವನನ್ನು ದಾಟಿಸಿದೆವು. ಅವ್ವ ಅವನ ಕುರ್ಚಿಯಲ್ಲಿ ಕೂತು ಅವನಿಗೇ ‘ಭಾರ ಆತೇನಪಾ?’ ಎಂದು ಕೇಳಿದಳು.

ಕರೆಂಟು ಮರುದಿನ ಬಂತು. ಅವ್ವ ಇನ್ನೂ ಮೂರು ತಿಂಗಳು ನಮ್ಮೊಂದಿಗಿದ್ದು ಆಮೇಲೆ ಊರಿಗೆ ಮರಳಿದಳು. ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ, ಯಾರ ಮುಂದೆಯೂ ನನ್ನನ್ನು ಕಡಿಮೆ ಮಾಡಿ ಆಡಲಿಲ್ಲ. ಗುಳಿಗೆ, ಫಾರ್ಮು, ಟಿಕೆಟು, ಎಲ್ಲಕ್ಕೂ ನಾನೇ ಬೇಕಿತ್ತು. ತಿಥಿಯೊಂದನ್ನು ಮಾತ್ರ ಕೇಳುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಸಂಜೆ ಬಿಸಿಲು ಇಳಿದ ಮೇಲೆ ‘ಆ ಕಡೆ ಬಿಟ್ಟು ಬಾ’ ಎನ್ನುವಳು. ರಸ್ತೆಯಾಚೆಯ ಆ ಹುಡುಗಿ ಫೋನು ನೋಡಿ ದಿನ ಹೇಳುವಳು, ಅವ್ವ ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಳ್ಳುವಳು. ನಾನು ಅವರ ಅಂಗಳದಲ್ಲಿ ನಿಂತು ಕಾಯುತ್ತಿದ್ದೆ. ಒಳಗೆ ಬನ್ನಿ ಎಂದು ಅವರು ಪ್ರತಿ ಸಲವೂ ಕರೆದರು. ನಾಲ್ಕನೆಯ ಸಲ ಹೋಗಿ ಅವ್ವನ ಪಕ್ಕದಲ್ಲಿ ಕೂತೆ, ದಿನ ಯಾವುದೆಂದು ನಾನೂ ಕೇಳಿಸಿಕೊಂಡೆ.