ಸೊಸೆಯ ಹೆಸರಿನ ಸೈಕಲ್ಲು

ನಮ್ಮ ಮಾವನವರ ಮೀಸೆಯ ಎರಡು ತುದಿಗಳೂ ಹರಳೆಣ್ಣೆ ಕುಡಿದು ಸದಾ ಮೇಲಕ್ಕೇ ನಿಂತಿರುತ್ತಿದ್ದವು. ಬಲಗಾಲು ಮಾತ್ರ ಮೊಣಕಾಲೆತ್ತರಕ್ಕೂ ಏಳುತ್ತಿರಲಿಲ್ಲ.

ದಾವಣಗೆರೆಯ ಹತ್ತಿ ಅಂಗಡಿಯನ್ನು ನನ್ನ ಗಂಡನಿಗೆ ಬಿಟ್ಟುಕೊಟ್ಟ ವರ್ಷ ಅವರಿಗೆ ಸೈಕಲ್ ಮೇಲೆ ತಿರುಗಾಡುವ ಹುಚ್ಚು ಹಿಡಿಯಿತು. ಮಂಡಿಪೇಟೆಯ ಸೈಕಲ್ ಅಂಗಡಿಯವನು ಅವರ ಕಾಲು ನೋಡಿ, ಅಡ್ಡ ಕಂಬಿ ಇಲ್ಲದ ಹೆಂಗಸರ ಗಾಡಿಯೊಂದನ್ನು ಮುಂದಿಟ್ಟನಂತೆ.

“ಸೌಕಾರ್ರೆ, ಸೀಟು ತಗ್ಗು, ಹ್ಯಾಂಡಲ್ ಎತ್ತರ. ಸೊಂಟಕ್ಕೆ ಆರಾಮ ಐತ್ರಿ.”

“ಆಸ್ಪತ್ರೆ ನರ್ಸಮ್ಮಗೆ ಕೊಡು ಅದನ್ನ. ನನಗೆ ಕೊಡೋದಾದ್ರೆ ಮೊದ್ಲು ಮೀಸೆ ಬೋಳ್ಸು” ಎಂದು ಎತ್ತರದ ಗಂಡಸರ ಗಾಡಿಯನ್ನೇ ತಂದರು.

ಕಾಲೆತ್ತಿ ಹತ್ತಲು ಬಾರದು. ಮನೆಯ ಜಗಲಿಗೆ ಗಾಡಿ ಒರಗಿಸಿ, ಮೇಲಿಂದ ಅದರ ಮೇಲೆ ಜಾರಿಕೊಳ್ಳುತ್ತಿದ್ದರು. ಇಳಿಯುವುದಕ್ಕೂ ಜಗಲಿಯೋ ಕಟ್ಟೆಯೋ ಬೇಕು. ಹರಿಹರದ ದಾರಿಯಲ್ಲಿ ಎಲ್ಲಿ ಕಟ್ಟೆಯೋ ಅಲ್ಲೇ ಅವರಿಗೆ ಬಾಯಾರಿಕೆ. ಮನೆಗೆ ಬಂದು, ಬಿಸಿ ಉಪ್ಪಿನ ಗಂಟನ್ನು ಸೊಂಟಕ್ಕೆ ಒತ್ತಿಕೊಂಡು, ನಡೆದು ಓಡಾಡುವವರನ್ನೆಲ್ಲ ಕೈಲಾಗದವರೆಂದು ಹಳಿಯುತ್ತಿದ್ದರು. ಉಪ್ಪು ಹುರಿಯುವವಳು ನಾನು.

ನನ್ನ ನಾದಿನಿಯನ್ನು ಕೊಟ್ಟದ್ದು ಹರಿಹರಕ್ಕೆ. ಪಂಚಮಿಗೆ ಬಂದವಳು ಅಪ್ಪನ ಜೊತೆ ಮಾತಿಗೆ ಮಾತು ಬೆಳೆಸಿ, ಮುಖ ತಿರುಗಿಸಿಕೊಂಡು ಹೋಗಿದ್ದಳು. ಆಮೇಲೆ ಹೋಗಿಬರುವುದು ನಿಂತಿತು. ಕೊನೆಗೆ ಮಾವನವರೇ ಸೋತು, “ಮಗಳ್ನ ಮಾತಾಡಿಸ್ಕೊಂಡು ಬರ್ತೀನಿ” ಎಂದು ಒಂದು ಬೆಳಗ್ಗೆ ಹೊರಟರು. ಶೇಂಗಾ ಉಂಡೆ ಕಟ್ಟಿಕೊಟ್ಟೆ. ಸಂಜೆ ಆ ಗಂಟು ಬಿಚ್ಚದೆ ವಾಪಸು ಬಂತು.

“ಎಲ್ಲಾ ಆರಾಮ ಅದಾರೆ” ಎಂದರು.

ಮಾರನೆಯ ದಿನ ನಾದಿನಿಯೇ ಬಸ್ಸಿಳಿದು ಅಳುತ್ತ ಬಂದಳು. “ಅತ್ತಿಗೆ, ಅಪ್ಪ ನಮ್ಮನೆ ಮುಂದೆನೇ ಎರಡು ಸಲ ಹೋದ್ರು. ಬಾಗ್ಲಾಗ ನಿಂತು ಕರೆದ್ರೂ ನಿಲ್ಲಲಿಲ್ಲ. ಅಷ್ಟು ಸಿಟ್ಟೈತೇನು ನನ್ ಮ್ಯಾಲೆ?”

ಮಾವನವರು ಗೋಡೆ ನೋಡುತ್ತ ಕೂತಿದ್ದರು. “ಸಿಟ್ಟೆಲ್ಲೈತವ್ವ? ಚರಂಡಿ ತೋಡಾಕೆ ನಿಮ್ ಜಗಲಿ ಒಡೆದಾರೆ. ಬೀಗ್ರ ಮುಂದೆ ಧೋತ್ರ ಸಿಗಿಸ್ಕೊಂಡು ಬೀಳ್ಲೇನು?” ಹೊಳೆಯ ಕಟ್ಟೆಯ ಮೇಲೆ ಉಪವಾಸ ಕೂತು ಹೊತ್ತು ಕಳೆದು ಬಂದಿದ್ದರು ಮಹಾರಾಯರು.

“ಮಗಳು ಕೈ ಬಿಟ್ರೂ ಅಡ್ಡಿ ಇಲ್ಲ, ಆ ಕಂಬಿ ಇರ್ಬೇಕು ನೋಡ್ರಿ ನಿಮಗೆ” ಎಂದೆ. ಅವರೆದುರು ನಾನು ಹಾಗೆ ಆಡಿದ್ದು ಅದೇ ಮೊದಲು. ಅವರು ಮೀಸೆಗೆ ಕೈ ಹಾಕಿದರು, ತಿರುವಲಿಲ್ಲ.

ಆ ವಾರವೇ ಕಂಬಿಯಿಲ್ಲದ ಗಾಡಿ ಮನೆಗೆ ಬಂತು. “ನಮ್ ಸೊಸೆಗೆ ತಂದೀನಿ” ಎಂದು ಓಣಿಗೆಲ್ಲ ಸಾರಿದರು. ಹತ್ತಿದವರು ಅವರೇ. ಯಾರಾದರೂ ನೋಡಿದರೆ, “ಆಕೆಗೆ ಪುರಸೊತ್ತಿಲ್ಲ. ನಿಂತ ಗಾಡಿ ತುಕ್ಕು ಹಿಡೀತೈತೆ ಅಂತ ನಾನು ಓಡಸ್ತೀನಿ” ಎನ್ನುವರು. ಅದರ ಮೇಲೆಯೇ ಹರಿಹರಕ್ಕೆ ಹೋಗಿ ಮಗಳ ಬಾಗಿಲೆದುರೇ ಇಳಿದರು. ಉಂಡೆಯ ಡಬ್ಬಿ ಖಾಲಿಯಾಗಿ ಬರತೊಡಗಿತು. ಉಪ್ಪಿನ ಗಂಟಿನ ಮಾತು ನಿಂತಿತು. ಓಣಿಯ ಬಾಯಲ್ಲಿ ಮಾತ್ರ ನಾನು ಮಾವನಿಂದ ಸೈಕಲ್ ಕೊಡಿಸಿಕೊಂಡ ಬಜಾರಿಯಾಗಿ ಉಳಿದೆ. ಬದುಕಿರುವವರೆಗೂ ಅವರು ಅದನ್ನು ತಿದ್ದಲಿಲ್ಲ.

ಅವರು ತೀರಿಕೊಂಡು, ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಹಿತ್ತಲಲ್ಲಿ ಆ ಗಾಡಿಯ ಮೇಲೆ ಕೂತೆ. ಸೀರೆ ಎಲ್ಲೂ ತೊಡರಲಿಲ್ಲ. ಎರಡೂ ಪಾದ ನೆಲ ಮುಟ್ಟಿದವು, ಬೆನ್ನು ತಾನಾಗಿ ನೆಟ್ಟಗಾಯಿತು. ಇಷ್ಟೊಂದು ಸುಖವನ್ನು ಆ ಮಹಾರಾಯರು ನನ್ನ ಹೆಸರಿನಲ್ಲಿ ಒಬ್ಬರೇ ಉಂಡು ಹೋಗಿದ್ದರು.