ಅಕ್ಕ ಕಲಸಿದ ಪ್ರೋಟೀನ್ ಪುಡಿ

ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ನಾನು ಹದಿನೈದು ದಿನಕ್ಕೊಮ್ಮೆ ಮಾನ್ವಿಯಿಂದ ರಾಯಚೂರಿಗೆ ಹೋಗಿ ಕಿಮೋ ತೆಗೆದುಕೊಳ್ಳುತ್ತಿದ್ದೆ. ಮೂರನೆಯ ಸಲ ಮುಗಿಯುವಷ್ಟರಲ್ಲಿ ಬಾಯಿ ತುಂಬ ಹುಣ್ಣು, ಮೇಲಿಂದ ಮೇಲೆ ಭೇದಿ. ತಣ್ಣೀರಿನ ಚೊಂಬು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ತೂಕ ಪ್ರತಿ ಸಲವೂ ಇಳಿಯುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದ ನಾನು ತೂಕದ ಯಂತ್ರದ ಅಂಕಿ ನೋಡಲು ಹೆದರುತ್ತಿದ್ದೆ.

ಸುದ್ದಿ ಕೇಳಿ ದೇವದುರ್ಗದಿಂದ ಅಕ್ಕ ಬಂದಳು. ಅವಳ ಚೀಲದಲ್ಲಿ ಸೀರೆಗಿಂತ ಡಬ್ಬಿಗಳೇ ಹೆಚ್ಚು. ಅರಿಶಿನದ ಗುಳಿಗೆ, ಯಾವುದೋ ತೊಗಟೆಯ ಪುಡಿ, ವಿಟಮಿನ್ ಮಾತ್ರೆ. ಅವಳ ಓಣಿಯ ಒಬ್ಬೊಬ್ಬರೂ ಒಂದೊಂದು ಕೊಟ್ಟು ಕಳಿಸಿದ್ದರು.

"ಎಲ್ಲಾ ತಗೋ ತಮ್ಮಾ. ಯಾವುದಾರ ಒಂದು ಮೈಗೆ ಹತ್ತತದ," ಎಂದಳು.

ಸೋತುಹೋಗಿದ್ದ ನಾನು ಎಲ್ಲವನ್ನೂ ನುಂಗಲು ತಯಾರಿದ್ದೆ. ನನ್ನ ಹೆಂಡತಿ ಮಾತ್ರ ಚೀಲವನ್ನು ಎತ್ತಿಟ್ಟು, "ದವಾಖಾನ್ಯಾಗ ಕೇಳಲಾರದ ಒಂದೂ ಬ್ಯಾಡ ಅಕ್ಕಾ," ಎಂದಳು.

ಮುಂದಿನ ಸಲ ಅಕ್ಕನ ಕೈಯಲ್ಲಿ ಆ ಚೀಲವೂ ನಮ್ಮಿಬ್ಬರ ಜೊತೆ ಬಸ್ಸು ಹತ್ತಿತು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಒಂದೊಂದೇ ಡಬ್ಬಿ ತಿರುಗಿಸಿ ಓದಿದರು.

"ಯವ್ವಾ, ಇದರಾಗ ಏನೇನ್ ಅದ ಅಂತ ಬರದೇ ಇಲ್ಲ. ಇವುಗಳಾಗ ಕೆಲವು, ಕಿಮೋ ಔಷಧಕ್ಕ ಅಡ್ಡ ಬರ್ತಾವ. ಟ್ರೀಟ್‌ಮೆಂಟ್ ಮುಗಿಯೂತನಕ ಇವು ಬ್ಯಾಡ್ರಿ."

ಅಕ್ಕನ ಮುಖ ಬಾಡಿತು. "ಮತ್ತ ಇಂವಾ ಏನ್ ತಿನ್ನಬೇಕ್ರಿ? ಅನ್ನ ನೋಡಿದ್ರ ಮಾರಿ ತಿರುವ್ತಾನ."

ಮೇಡಂ ಪ್ರೋಟೀನ್ ಪುಡಿ, ಓಆರ್‌ಎಸ್, ಮೆತ್ತನೆಯ ಅನ್ನ ಬರೆದುಕೊಟ್ಟರು. ಭೇದಿ ನಿಲ್ಲುವ ತನಕ ರೊಟ್ಟಿ, ಹಸಿ ತರಕಾರಿ ಬೇಡವೆಂದರು.

ಪುಡಿಯ ವೆನಿಲಾ ವಾಸನೆ ಬಂದರೇ ನಾನು ಬಟ್ಟಲು ಆಚೆ ಸರಿಸುತ್ತಿದ್ದೆ. ಅಕ್ಕ ಹಟ ಬಿಡಲಿಲ್ಲ. ಉಪ್ಪಿಟ್ಟಿಗೆ ಹಾಕಿದಳು, ಅದು ಅಂಟಾಯಿತು. ಚಹಾಕ್ಕೆ ಹಾಕಿದಳು, ಗಂಟುಗಂಟಾಯಿತು. ಕೊನೆಗೆ ಮೇಡಂಗೆ ಫೋನ್ ಮಾಡಿ ವಾಸನೆಯಿಲ್ಲದ ಪುಡಿ ಬರೆಸಿಕೊಂಡಳು. ತೆಳ್ಳಗಿನ ಅಕ್ಕಿ ಗಂಜಿಯನ್ನು ಒಲೆಯಿಂದ ಇಳಿಸಿ, ಉಗುರುಬೆಚ್ಚಗಾದ ಮೇಲೆ ಆ ಪುಡಿಯನ್ನು ಕದಡಿ, ಚಿಟಿಕೆ ಉಪ್ಪು ಹಾಕಿ ಕೊಟ್ಟಳು. ಕುಡಿದು, ಇನ್ನರ್ಧ ಬಟ್ಟಲು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಷ್ಟೋ ದಿನಗಳ ಮೇಲೆ ನಕ್ಕಳು.

ಪುಡಿಯ ಡಬ್ಬಿ ಮಾತ್ರ ಎಣಿಸಿದ ದಿನಕ್ಕಿಂತ ಮೊದಲೇ ಖಾಲಿಯಾಯಿತು. ಏನು ಕಾರಣವೆಂದು ಕೇಳಿದೆ.

"ಉಪ್ಪು ಸರಿ ಅದನೋ ಇಲ್ಲೋ ನೋಡಬೇಕಲ್ಲೋ," ಎಂದಳು ಅಕ್ಕ, ತಲೆ ಎತ್ತದೆ. "ನನ್ನ ಮೊಣಕಾಲಿಗೂ ಬೇಷ್ ಅನಿಸಾಕತ್ತದ."

ಆಮೇಲಿಂದ ಎರಡು ಡಬ್ಬಿ ತಂದೆವು.

ಬೆರಳಿನ ಜುಮ್ಮು ಹೋಗಲಿಲ್ಲ. ಆದರೆ ತೂಕ ನಿಂತಿತು, ಮರುಸಲ ಅರ್ಧ ಕೆಜಿ ಏರಿತು. ಅಕ್ಕ ಗಂಜಿಯ ವಿಧಾನ ವಿವರಿಸಿದಾಗ ಮೇಡಂ, "ಹೊರಗ ಮಲ್ಲಟ ಊರಿನಾಕಿ ಒಬ್ಬಾಕಿ ಕೂತಾಳ್ರಿ. ಆಕಿ ಗಂಡನೂ ಏನೂ ತಿನ್ನವಲ್ಲ. ಇದನ್ನ ಆಕಿಗೂ ಒಂದಿಷ್ಟು ತಿಳಿಸಿ ಹೇಳ್ರಿ," ಎಂದರು.

ಅಕ್ಕ ಆ ಹೆಂಗಸಿನ ಪಕ್ಕ ಕುಳಿತು ಅಕ್ಕಿ ತೊಳೆಯುವುದರಿಂದ ಶುರುಮಾಡಿದಳು. ನಮ್ಮ ಮಾನ್ವಿ ಬಸ್ಸು ಹೊರಟುಹೋಯಿತು. ನಾನೂ ನನ್ನ ಹೆಂಡತಿಯೂ ಅವಳನ್ನು ಅವಸರಪಡಿಸಲಿಲ್ಲ.