ಗರಿ ಕಿರೀಟದ ಸೋದರಮಾವ

ನನ್ನ ಗಂಡ ಆ ಚಿತ್ರವನ್ನು ಮನೆಗೆ ತಂದದ್ದು ಚಿತ್ರಕ್ಕಾಗಿ ಅಲ್ಲ, ಅದರ ಫ್ರೇಮಿಗಾಗಿ. ನೆರಿಯದ ಕಡೆ ಒಬ್ಬ ಬಿಳಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ. ಅವನ ಬಂಗಲೆಯ ಸಾಮಾನು ಏಲಂಗೆ ಬಂದಾಗ ಇವರು ಹೋಗಿದ್ದರು, ಒಳ್ಳೆ ಸಾಗುವಾನಿಯ ಫ್ರೇಮು ಕಂಡು ಬಿಡಲಿಲ್ಲ. ನಮಗೆ ಆಗಷ್ಟೇ ಮದುವೆಯಾಗಿತ್ತು. ಮಂಗಳೂರಿನ ಸ್ಟುಡಿಯೋದಲ್ಲಿ ತೆಗೆಸಿದ ಜೋಡಿ ಫೋಟೋ ಪೆಟ್ಟಿಗೆಯ ತಳದಲ್ಲಿತ್ತು. ಹಳೆ ಚಿತ್ರ ಕಿತ್ತು ನಮ್ಮನ್ನು ಅದರೊಳಗೆ ಕೂರಿಸುವುದು ಇವರ ಯೋಚನೆ.

ಅದಕ್ಕೆ ಅಡ್ಡ ಬಂದವರು ಅತ್ತೆ. ಸಿದ್ಧಕಟ್ಟೆಯ ಮನೆಯ ಚಾವಡಿಯಲ್ಲಿ ಚಿತ್ರವನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಗಾಜು ಒರಸಿ, ತುಂಬ ಹೊತ್ತು ನೋಡಿದರು. ಹಸಿರು ಗರಿಗಳ ಕಿರೀಟ ಇಟ್ಟ ಒಬ್ಬ ಅರಸು. ಎದುರಿಗೆ ಕುದುರೆಯಿಂದ ಇಳಿದು ನಿಂತ ಗಡ್ಡದವನು. ಅರಸು ಅವನ ಕೊರಳಿಗೆ ಹಾರ ಹಾಕುತ್ತಿದ್ದಾನೆ. ಹಿಂದೆ ಹೂವು ಹಣ್ಣಿನ ಬುಟ್ಟಿ ಹಿಡಿದ ಜನ.

“ಇದು ದಿಬ್ಬಣ ಎದುರುಗೊಳ್ಳುವುದು,” ಅಂದರು. “ಗಡ್ಡದವ ಮದುಮಗ. ಗರಿಯವ ಹುಡುಗಿಯ ಸೋದರಮಾವ. ಎಷ್ಟು ಮರ್ಯಾದೆಯಲ್ಲಿ ಹಾರ ಹಾಕ್ತಾ ಇದ್ದಾನೆ ನೋಡು!”

“ಮದುಮಗಳು ಎಲ್ಲಿ ಅತ್ತೆ?” ಎಂದೆ, ಸ್ವಲ್ಪ ಕುಟುಕಿಯೇ.

“ಒಳಗೆ ಇದ್ದಾಳೆ. ಅಲಂಕಾರ ಆಗ್ಬೇಡವಾ?”

ಶುಭಕಾರ್ಯದ ಚಿತ್ರ ಕಿತ್ತು ಬಿಸಾಡಬಾರದೆಂದು ಹಠ ಹಿಡಿದರು. ನಮ್ಮ ಫೋಟೋ ಪೆಟ್ಟಿಗೆಯಲ್ಲೇ ಉಳಿಯಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಿಗ್ಗೆ ಬೆಳಿಗ್ಗೆ ಅವರು ಆ ಚಿತ್ರಕ್ಕೊಂದು ಕೇಪುಳದ ಹೂವು ಸಿಕ್ಕಿಸಿ, ಉಳಿದದ್ದನ್ನು ನನ್ನ ಜಡೆಗೆ ಮುಡಿಸುತ್ತಿದ್ದರು. ಅಂಥವರ ಮೇಲೆ ಎಷ್ಟು ದಿನ ಮುಖ ಊದಿಸಿಕೊಂಡಿರುವುದು? ಮಗಳು ಹುಟ್ಟಿದ ಮೇಲೆ ಅವಳನ್ನು ಎತ್ತಿಕೊಂಡು ಅದೇ ಮದುವೆಯ ಕತೆ ಹೇಳಿ ಊಟ ಮಾಡಿಸಿದರು.

ಅರಸನನ್ನು ಸೋದರಮಾವ ಮಾಡಿದ್ದಕ್ಕೆ ಕಾರಣ ಉಂಟು. ನಾವು ಜೈನರು, ನಮ್ಮಲ್ಲಿ ಆಗ ಅಳಿಯಕಟ್ಟು. ಮನೆ, ಗದ್ದೆ ಎಲ್ಲ ತಾಯಿಯ ಬಳಿಯಲ್ಲಿ, ಎಂದರೆ ಹೆಣ್ಣಿನ ವಂಶದಲ್ಲಿ, ಇಳಿದು ಬರುವುದು. ಯಜಮಾನಿಕೆ ತಾಯಿಯ ಅಣ್ಣತಮ್ಮಂದಿರದ್ದು. ನಮ್ಮ ಮನೆಯಲ್ಲೂ ಅತ್ತೆಯ ತಮ್ಮನೇ ಯಜಮಾನರು. ಹೆಂಡತಿಯಾಗಿ ಬಂದವಳು ಎಷ್ಟು ವರ್ಷ ಇದ್ದರೂ ಗಂಡನ ಮನೆಯಲ್ಲಿ ನೆಂಟಳು. ಗಂಡ ಹೋದರೆ ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಮನೆಗೆ ಹೋಗಬೇಕು. ಇದು ನನಗೆ ಗೊತ್ತಿತ್ತು. ಆದರೆ ಇಪ್ಪತ್ತರ ಹರೆಯದಲ್ಲಿ ಯಾರು ಅದನ್ನೆಲ್ಲ ಯೋಚಿಸುತ್ತಾರೆ?

ಮೂಡುಬಿದಿರೆಯಲ್ಲಿ ಮೇಷ್ಟ್ರಾಗಿದ್ದ ನನ್ನ ಅಣ್ಣ ಒಮ್ಮೆ ಬಂದವನು ಚಿತ್ರದ ಅಡಿಯ ಸಣ್ಣ ಅಕ್ಷರ ಓದಿ ನಕ್ಕುಬಿಟ್ಟ. ಪಾಠ ಮಾಡುವ ಚಪಲ ಅವನಿಗೆ.

“ಇದು ಮದುವೆ ಅಲ್ಲ ಅತ್ತೆ. ಮೆಕ್ಸಿಕೋ ಅಂತ ದೇಶ. ಗರಿಯವ ಅಲ್ಲಿಯ ಅಜ್ಟೆಕ್ ಜನರ ಅರಸು. ಗಡ್ಡದವ ಸ್ಪೇನಿನಿಂದ ಬಂದವ. ಅರಸು ಅವನನ್ನು ಕರೆದು ಅರಮನೆಯಲ್ಲಿ ಇಳಿಸಿದ, ಊಟ ಹಾಕಿದ. ಬಂದವರು ಅವನನ್ನೇ ಸೆರೆ ಹಿಡಿದರು. ಅರಸನೂ ಹೋದ, ರಾಜ್ಯವೂ ಹೋಯ್ತು.”

“ಉಂಡ ಮನೆಯಲ್ಲೇ?” ಎಂದರು ಅತ್ತೆ. ಮಾರನೆಯ ದಿನವೂ ಹೂವು ಸಿಕ್ಕಿಸಿದರು, ಆದರೆ ಅರಸನ ಬದಿಗೆ ಮಾತ್ರ.

ಮಗಳು ಶಾಲೆಗೆ ಸೇರುವ ಮೊದಲೇ ನನ್ನ ಗಂಡ ಜ್ವರದಲ್ಲಿ ತೀರಿಕೊಂಡರು. ಅದನ್ನು ಬರೆಯಲು ಈಗಲೂ ನನ್ನಿಂದಾಗುವುದಿಲ್ಲ. ಸೂತಕ ಕಳೆದ ಮೇಲೆ ಯಜಮಾನರು ಚಾವಡಿಯಲ್ಲಿ ಕುಳಿತು, ಕಟ್ಟಿನ ಪ್ರಕಾರ ನಾನಿನ್ನು ಹೊರಡಬೇಕು ಎಂದರು. ಕೆಟ್ಟವರಲ್ಲ ಅವರು. ಆದರೆ ಅಣ್ಣ ಹೇಳಿದ ಕತೆ ಅವರ ಕಿವಿಗೂ ಬಿದ್ದಿತ್ತು, ಮಾತಿಗೆ ಮಾತು ಬರುವಾಗ ಗೋಡೆಯ ಚಿತ್ರಕ್ಕೆ ಕೈ ತೋರಿಸಿದರು: “ಬಂದವರನ್ನು ಒಳಗೇ ಇಟ್ಟುಕೊಂಡ್ರೆ ಏನಾಗ್ತದೆ ಅಂತ ಅಲ್ಲೇ ಉಂಟಲ್ಲ.”

ನಾನು ಅತ್ತೆಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಗಂಡ ಹೋದ ದುಃಖದ ಮೇಲೆ ಅದೊಂದು ಬೇರೆಯೇ ದುಃಖ. ಪೆಟ್ಟಿಗೆ ಹಿಡಿದು, ಮಗಳ ಕೈ ಹಿಡಿದು ಮೂಡುಬಿದಿರೆಗೆ ಬಂದೆ. ಅಮ್ಮ, ಅಣ್ಣ ಚೆನ್ನಾಗಿಯೇ ನೋಡಿಕೊಂಡರು. ಆದರೆ ಮಗಳು ಅಜ್ಜಿ ಬೇಕೆಂದು ಊಟ ಬಿಟ್ಟಳು. ನನಗೂ ಅವರೇ ಬೇಕಿತ್ತು. ಹೇಳಿಕೊಳ್ಳಲು ಬಿಗುಮಾನ.

ಹೀಗೆ ಇರುವಾಗ ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಅತ್ತೆ ಅಂಗಳದಲ್ಲಿ! ಒಬ್ಬರೇ ಬಸ್ಸು ಹತ್ತಿದವರಲ್ಲ ಅವರು. ಕಂಕುಳಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ದೊಡ್ಡ ಕಟ್ಟು. ಅಮ್ಮ ಬಂದವರಿಗೆ ಕೊಡುವ ಬೆಲ್ಲ, ನೀರು ತಂದಿಟ್ಟರು. ಅತ್ತೆ ಮುಟ್ಟಲಿಲ್ಲ.

“ಮೊದಲು ಮಾತು, ಮತ್ತೆ ನೀರು,” ಎಂದು ಸೀರೆ ಬಿಚ್ಚಿದರು. ನಮ್ಮ ಚಾವಡಿಯ ಚಿತ್ರ.

“ಇದನ್ನು ಯಾಕೆ ಹೊತ್ತುಕೊಂಡು ಬಂದ್ರಿ ಅತ್ತೆ?”

“ತಮ್ಮ ಇದನ್ನು ತೋರಿಸಿ ಮಾತಾಡಿದ. ನನಗೂ ಇದನ್ನೇ ತೋರಿಸಿ ಮಾತಾಡ್ಲಿಕ್ಕೆ ಉಂಟು.” ಅವರ ಬೆರಳು ಗರಿ ಕಿರೀಟದ ಮೇಲೆ ನಿಂತಿತು. “ಈ ಅರಸು ಒಳಗೆ ಕರೆದು ಹಾಳಾದ. ನಾನು ಹೊರಗೆ ಕಳಿಸಿ ಹಾಳಾದೆ, ಮಗಳೇ. ಚಾವಡಿಗೆ ಬಂದ್ರೆ ನೀನಿಲ್ಲ, ಅಡಿಗೆಕೋಣೆಗೆ ಹೋದ್ರೆ ನೀನಿಲ್ಲ. ಮನೆಗೆ ಹೋಗುವ, ಬಾ.”

“ಯಜಮಾನರು ಏನು ಹೇಳ್ತಾರೆ? ಕಟ್ಟು ಉಂಟಲ್ಲ,” ಎಂದೆ.

“ಉಂಟು. ಮನೆ ಹೆಣ್ಣಿನ ಬಳಿಯದ್ದು ಅಂತ ಅದೇ ಕಟ್ಟು ಹೇಳ್ತದೆ. ಹಾಗಾದ್ರೆ ಅದು ನನ್ನ ಅಮ್ಮನ ಮನೆ, ಈಗ ನನ್ನದು. ತಮ್ಮ ನೋಡಿಕೊಳ್ಳುವವ, ಅಷ್ಟೇ. ಬೆಳಿಗ್ಗೆ ಅವನಿಗೆ ಹೇಳಿಯೇ ಬಂದೆ.”

ಆಗ ಬೆಲ್ಲದ ತುಂಡು ಎತ್ತಿಕೊಂಡರು. ಅರ್ಧ ಮುರಿದು ನನ್ನ ಬಾಯಿಗಿಟ್ಟರು. ನಾನು ಅಳುತ್ತಲೇ ಅಗಿದೆ.

ಮೂಡುಬಿದಿರೆಯಿಂದ ಮುಂದಿನ ಬಸ್ಸಿಗೇ ಹೊರಟೆವು. ಚಿತ್ರ ನನ್ನ ಮಡಿಲಲ್ಲಿ, ಮಗಳು ಅಜ್ಜಿಯ ಮಡಿಲಲ್ಲಿ. ಮನೆ ಮುಟ್ಟಿದಾಗ ಅತ್ತೆ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ತಾವು ಬೇಗ ಬೇಗ ಒಳಗೆ ಹೋದರು. ಬೆಲ್ಲ, ನೀರು ಹಿಡಿದುಕೊಂಡು ಬರುವಾಗ ಅವರ ಹಿಂದೆ ಯಜಮಾನರೂ ಇದ್ದರು. ಅವರೇ ನನ್ನ ಕೈಯಿಂದ ಚಿತ್ರ ತೆಗೆದುಕೊಂಡು, ಚಾವಡಿಯ ಅದೇ ಮೊಳೆಗೆ ತೂಗುಹಾಕಿದರು.